ಡೇವಿಡ್‌ನನ್ನು ಎಲ್ಲಿ ನಿಲ್ಲಿಸೋಣ?

ಒಂದು ಮಾತನ್ನು ನೀವೆಲ್ಲ ಕೇಳಿರುತ್ತೀರಿ. ವಾಟ್ಸಾಪಿನಲ್ಲಿ ಬರುತ್ತಿರುತ್ತದೆ, ವ್ಯಕ್ತಿತ್ವ ವಿಕಸನದ ಭಾಷಣಗಳಲ್ಲಂತೂ ತಪ್ಪದೆ ಬರುತ್ತದೆ. ಡೇವಿಡ್‌ನನ್ನು ಹೇಗೆ ಕೆತ್ತಿದೆ ಎಂದು ಯಾರೋ ಇಟಲಿಯ ಶಿಲ್ಪಿ ಮೈಕೆಲಾಂಜೆಲೊನನ್ನು ಕೇಳಿದರಂತೆ. ಡೇವಿಡ್ ಕಲ್ಲಿನೊಳಗೇ ಇದ್ದ, ಡೇವಿಡ್ ಅಲ್ಲದ್ದನ್ನೆಲ್ಲ ತೆಗೆದುಹಾಕಿದೆ ಎಂದು ಅವನು ಹೇಳಿದನಂತೆ. ಅವನು ಹೀಗೆ ಹೇಳಿದ ಎನ್ನುವುದಕ್ಕೆ ಅವನ ಕಾಲದ ಆಧಾರ ಯಾವುದೂ ಇಲ್ಲ. ಶಿಲ್ಪಿಗೆ ಹೊಳೆಯಬಹುದಾದ ರೂಪವೆಲ್ಲ ಅಮೃತಶಿಲೆಯ ಒಳಗೇ ಇರುತ್ತದೆ ಎನ್ನುವ ಅರ್ಥದ ಒಂದು ಸಾನೆಟ್ಟನ್ನು ಅವನು ಮುಂದೆ ಎಷ್ಟೋ ವರ್ಷಗಳ ಮೇಲೆ ಬರೆದದ್ದು ನಿಜ. ಆದರೆ ಡೇವಿಡ್‌ನ ವಿಷಯದಲ್ಲಿ ಈ ಮಾತು ನನಗೆ ಒಪ್ಪಿಗೆಯಾಗುವುದಿಲ್ಲ. ಯಾಕೆ ಅಂದರೆ ಆ ಕಲ್ಲಿನೊಳಗೆ ಡೇವಿಡ್ ಇದ್ದನೋ ಇಲ್ಲವೋ, ಬೇರೆ ಇಬ್ಬರು ಶಿಲ್ಪಿಗಳ ಉಳಿಯ ಏಟುಗಳಂತೂ ಅದರ ಮೈಮೇಲೆ ಮೊದಲೇ ಇದ್ದವು.

ಕಲ್ಲು ಮೈಕೆಲಾಂಜೆಲೊನದಲ್ಲ. ದುಡ್ಡು ಅವನದಲ್ಲ. ವಿಷಯವನ್ನೂ ಅವನು ಆರಿಸಿಕೊಳ್ಳಲಿಲ್ಲ. ಮೂರ್ತಿ ನಿಂತ ಜಾಗವಂತೂ ಕೆತ್ತನೆ ಮುಗಿಯುತ್ತ ಬಂದರೂ ಯಾರಿಗೂ ಗೊತ್ತಿರಲಿಲ್ಲ. ಇವತ್ತು ಡೇವಿಡ್ ಎಂದರೆ ಸ್ವಾತಂತ್ರ್ಯದ ಸಂಕೇತ ಎನ್ನುತ್ತೇವಲ್ಲ, ಆ ಅರ್ಥ ಉಳಿಯಿಂದ ಎಷ್ಟು ಬಂತೋ ಅಷ್ಟೇ ಜಾಗದಿಂದಲೂ ಬಂತು ಎಂಬುದು ನನ್ನ ವಾದ. ಹಾಗಾಗಿ ಇವತ್ತು ಕಲಾವಿದನ ಪ್ರತಿಭೆಯ ಬಗ್ಗೆ ಸ್ವಲ್ಪ ಕಡಿಮೆ, ಒಂದು ಊರಿನ ಕಚೇರಿ ವ್ಯವಹಾರದ ಬಗ್ಗೆ ಸ್ವಲ್ಪ ಹೆಚ್ಚು ಮಾತಾಡುತ್ತೇನೆ. ಬೇಸರ ಮಾಡಿಕೊಳ್ಳಬೇಡಿ. ಆ ಕಚೇರಿ ಕಡತಗಳು ಬಹಳ ಸ್ವಾರಸ್ಯವಾಗಿವೆ.

ಕಲ್ಲಿನಿಂದಲೇ ಶುರು ಮಾಡೋಣ. ಫ್ಲಾರೆನ್ಸಿನ ದೊಡ್ಡ ಚರ್ಚು, ಕೆಂಪು ಹೆಂಚಿನ ಆ ಭಾರಿ ಗುಮ್ಮಟದ್ದು, ನಿಮಗೆಲ್ಲ ಚಿತ್ರದಲ್ಲಾದರೂ ಪರಿಚಯ ಇದ್ದೇ ಇರುತ್ತದೆ. ಅದರ ಹಿಂಭಾಗದಲ್ಲಿ ಗೋಡೆಗೆ ಒತ್ತು ಕೊಡುವ ದಪ್ಪ ಕಟ್ಟೋಣಗಳಿವೆ. ಅವುಗಳ ನೆತ್ತಿಯ ಮೇಲೆ ಬೈಬಲ್ಲಿನ ಪ್ರವಾದಿಗಳನ್ನು ಸಾಲಾಗಿ ನಿಲ್ಲಿಸಬೇಕೆಂಬ ಯೋಜನೆ 1408ರ ಹೊತ್ತಿಗೇ ಶುರುವಾಗಿತ್ತು. ಆಗಿನ್ನೂ ಎಳೆಯನಾಗಿದ್ದ ದೊನತೆಲ್ಲೊ ಇದಕ್ಕಾಗಿ ಅಮೃತಶಿಲೆಯಲ್ಲಿ ಒಬ್ಬ ಡೇವಿಡ್‌ನನ್ನು ಕೆತ್ತಿದ. ಆದರೆ ಆಳೆತ್ತರದ ಮೂರ್ತಿಯನ್ನು ಅಷ್ಟು ಮೇಲೆ ಇಟ್ಟರೆ ಕೆಳಗೆ ನಿಂತವರಿಗೆ ಏನು ಕಂಡೀತು? ಆ ಡೇವಿಡ್ ಮೇಲೆ ಹೋಗಲಿಲ್ಲ. 1416ರಲ್ಲಿ ಅದನ್ನು ನಗರದ ಸರಕಾರ ತನ್ನ ಅರಮನೆಗೆ ತರಿಸಿಕೊಂಡಿತು. ಇದನ್ನು ನೆನಪಿನಲ್ಲಿಟ್ಟುಕೊಳ್ಳಿ. ಚರ್ಚಿಗೆಂದು ಕೆತ್ತಿದ ಡೇವಿಡ್ ಸರಕಾರದ ಮನೆಗೆ ಹೋಗುವುದು ಫ್ಲಾರೆನ್ಸಿನಲ್ಲಿ ಹೊಸತೇನಲ್ಲ.

ಮೇಲೆ ನಿಲ್ಲಬೇಕಾದರೆ ದೈತ್ಯರೇ ಬೇಕು ಎಂದಾಯಿತು. ದೊನತೆಲ್ಲೊ ಸುಟ್ಟ ಮಣ್ಣಿನಲ್ಲಿ ಒಂದು ಭಾರಿ ಮೂರ್ತಿ ಮಾಡಿಕೊಟ್ಟ. ಅಮೃತಶಿಲೆಯಲ್ಲಿ ಮಾಡುವ ಧೈರ್ಯ ಬಂದದ್ದು 1464ರಲ್ಲಿ. ಅಗೊಸ್ತಿನೊ ದಿ ದುಚ್ಚೊ ಎಂಬ ಶಿಲ್ಪಿ ಕೆಲಸ ಒಪ್ಪಿಕೊಂಡ. ಕರ್ರಾರಾದ ಬೆಟ್ಟದ ಗಣಿಯಿಂದ ಐದು ಮೀಟರಿಗೂ ಮಿಕ್ಕಿದ ಒಂದೇ ಬಂಡೆ ಫ್ಲಾರೆನ್ಸಿಗೆ ಬಂತು. ತರಿಸಿದ ಬಂಡೆ ಉದ್ದವೇನೋ ಸರಿ, ದಪ್ಪ ಮಾತ್ರ ಸಾಲದು. ಅಗೊಸ್ತಿನೊ ಒರಟಾಗಿ ಒಂದಷ್ಟು ಕೆತ್ತಿ, 1466ರ ಹೊತ್ತಿಗೆ ಕೈಬಿಟ್ಟ. ಹತ್ತು ವರ್ಷದ ಮೇಲೆ ಅಂತೋನಿಯೊ ರೊಸ್ಸೆಲ್ಲಿನೊಗೆ ವಹಿಸಿದರು. ಅವನ ಕೈಯಲ್ಲೂ ಅದು ಮುಂದೆ ಸಾಗಲಿಲ್ಲ. ಅಲ್ಲಿಂದ ಮುಂದೆ ಇಪ್ಪತ್ತೈದು ವರ್ಷ ಆ ಬಂಡೆ ಚರ್ಚಿನ ಕಾಮಗಾರಿ ಕಚೇರಿಯ ಅಂಗಳದಲ್ಲಿ ಅಂಗಾತ ಬಿದ್ದಿತ್ತು. ಊರಿನವರು ಅದಕ್ಕೆ ‘ದೈತ್ಯ’ ಎಂದೇ ಹೆಸರಿಟ್ಟಿದ್ದರು. ಮೂರ್ತಿ ಆಗುವ ಮೊದಲೇ ಅದಕ್ಕೊಂದು ಹೆಸರು ಬಿದ್ದಾಗಿತ್ತು ನೋಡಿ.

ಬಿಸಿಲು ಮಳೆಗೆ ಬಿದ್ದ ಕಲ್ಲು ಎಂದರೆ ಏನರ್ಥ ಎಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಬೇಲೂರು ಹಳೇಬೀಡಿನ ಬಳಪದ ಕಲ್ಲು ಹೇಗೆ ಗಣಿಯಿಂದ ತೆಗೆದ ಹೊಸತರಲ್ಲಿ ಉಳಿಗೆ ಒಗ್ಗುತ್ತದೆ ಎನ್ನುತ್ತೇವೋ ಹಾಗೆಯೇ ಅಮೃತಶಿಲೆಯ ಕೆಲಸದವರಿಗೂ ಹೊಸ ಕಲ್ಲೇ ಇಷ್ಟ. ವರ್ಷಗಟ್ಟಲೆ ಬಯಲಲ್ಲಿ ಬಿದ್ದರೆ ಅದರ ಮೈ ಸಕ್ಕರೆಯಂತೆ ಉದುರಲು ಶುರುವಾಗುತ್ತದೆ, ಒಳಗಿನ ಸಣ್ಣ ಬಿರುಕುಗಳಿಗೆ ನೀರು ಇಳಿಯುತ್ತದೆ. ಈ ಕಲ್ಲಂತೂ ಒಳ್ಳೆಯ ಜಾತಿಯದೇ ಅಲ್ಲ, ಸಣ್ಣ ಸಣ್ಣ ತೂತುಗಳು ಇರುವಂಥದ್ದು ಎಂದು ಈಚಿನ ಪರೀಕ್ಷೆಗಳು ಹೇಳುತ್ತವೆ.

1501ರ ಆಗಸ್ಟ್ 16. ಚರ್ಚಿನ ಕಾಮಗಾರಿ ಕಚೇರಿ, ಅದರ ಮೇಲುಸ್ತುವಾರಿ ನೋಡುವ ಉಣ್ಣೆ ವರ್ತಕರ ಸಂಘ, ಎರಡೂ ಸೇರಿ ಕರಾರು ಬರೆದವು. ಉಣ್ಣೆ ವ್ಯಾಪಾರಿಗಳಿಗೂ ಶಿಲ್ಪಕ್ಕೂ ಏನು ಸಂಬಂಧ ಎಂದು ನೀವು ಕೇಳಬಹುದು. ಫ್ಲಾರೆನ್ಸಿನ ಪದ್ಧತಿಯೇ ಅದು, ಒಂದೊಂದು ದೊಡ್ಡ ಕಟ್ಟಡದ ಖರ್ಚುವೆಚ್ಚ ಒಂದೊಂದು ವೃತ್ತಿಸಂಘದ ಹೆಗಲಿಗೆ. ಆ ಕರಾರಿನ ಒಕ್ಕಣೆ ಬಹಳ ಒಣ. ‘ದೈತ್ಯ’ ಎನ್ನುವ ಒಂದು ಅಮೃತಶಿಲೆಯ ಆಳು, ಕೆಟ್ಟದಾಗಿ ಒರಟು ಕೆತ್ತನೆಯಾದದ್ದು, ಅಂಗಳದಲ್ಲಿ ಅಂಗಾತ ಬಿದ್ದಿರುವುದು, ಇದನ್ನು ಮೈಕೆಲಾಂಜೆಲೊ ಮುಗಿಸಿಕೊಡತಕ್ಕದ್ದು. ಸೆಪ್ಟೆಂಬರ್ 1ರಿಂದ ಎರಡು ವರ್ಷದ ಅವಧಿ, ತಿಂಗಳಿಗೆ ಆರು ಚಿನ್ನದ ಫ್ಲೋರಿನ್. ಮುಂದಿನ ಫೆಬ್ರವರಿಯಲ್ಲಿ ಅರ್ಧ ಕೆಲಸ ಆಗಿದೆ ಎಂದು ನೋಡಿ ಒಟ್ಟು 400 ಫ್ಲೋರಿನ್ ಎಂದು ನಿಗದಿ ಮಾಡಿದರು. ಆಗ ಅವನಿಗೆ 26 ವರ್ಷ. ರೋಮಿನಲ್ಲಿ ‘ಪಿಯೆತಾ’ ಮೂರ್ತಿ ಮುಗಿಸಿ, ಹೆಸರು ಮಾಡಿ, ಊರಿಗೆ ಬಂದಿದ್ದ.

ಈ ಕಡತದಲ್ಲಿ ನನಗೆ ತುಂಬ ಹಿಡಿಸಿದ ಒಂದು ಟಿಪ್ಪಣಿ ಇದೆ. ಸೆಪ್ಟೆಂಬರ್ 13, ಸೋಮವಾರ ಬೆಳಿಗ್ಗೆ ಅವನು ಕೆಲಸ ಶುರು ಮಾಡಿದ ಎಂದು ಗುಮಾಸ್ತ ಬರೆದಿದ್ದಾನೆ. ಅಲ್ಲಿಗೇ ಬಿಡಲಿಲ್ಲ. ಅದಕ್ಕೂ ನಾಲ್ಕು ದಿನ ಮೊದಲು, ಒಂಬತ್ತನೇ ತಾರೀಕು, ಉಳಿಯ ಒಂದೆರಡು ಏಟಿನಲ್ಲಿ ಮೂರ್ತಿಯ ಎದೆಯ ಮೇಲಿದ್ದ ಒಂದು ಗಂಟನ್ನು ಹಾರಿಸಿದ್ದ ಎಂದೂ ಸೇರಿಸಿದ್ದಾನೆ. ಆ ಗಂಟು ಏನು? ಹಿಂದಿನ ಶಿಲ್ಪಿ ಹೊದ್ದ ಬಟ್ಟೆಗೆ ಒಂದು ಗಂಟು ಕೆತ್ತಲು ಉಳಿಸಿದ್ದ ಉಬ್ಬು ಎನ್ನುವವರಿದ್ದಾರೆ. ಅಳತೆಗೆ ಬಿಟ್ಟ ಗುರುತು ಎನ್ನುವವರೂ ಇದ್ದಾರೆ. ಏನೇ ಇರಲಿ, ಮೊದಲ ಏಟಿಗೇ ಅವನು ಅದನ್ನು ತೆಗೆದ. ಹಳೆಯ ಯೋಜನೆ ತನ್ನದಲ್ಲ ಎಂದು ಎರಡೇ ಏಟಿನಲ್ಲಿ ಹೇಳಿಬಿಟ್ಟ ಎಂದು ಓದಿಕೊಳ್ಳಲು ನನಗೆ ಇಷ್ಟ.

ಆಮೇಲೆ ಸುತ್ತ ಮರೆ ಕಟ್ಟಿಸಿಕೊಂಡು ಯಾರಿಗೂ ಕಾಣದಂತೆ ಕೆಲಸಕ್ಕೆ ನಿಂತ. ಪ್ಯಾರಿಸ್ಸಿನ ಲೂವ್ರ್‌ನಲ್ಲಿ ಆ ದಿನಗಳ ಒಂದು ಹಾಳೆ ಇದೆ. ಒಂದು ಕಡೆ ಈ ಡೇವಿಡ್‌ನ ತೋಳಿನ ಅಭ್ಯಾಸಚಿತ್ರ, ಪಕ್ಕದಲ್ಲಿ ಅವನು ಅದೇ ಕಾಲದಲ್ಲಿ ಒಪ್ಪಿಕೊಂಡಿದ್ದ ಇನ್ನೊಂದು, ಕಂಚಿನ, ಡೇವಿಡ್‌ನ ಚಿತ್ರ. ಅಂಚಿನಲ್ಲಿ ಅವನ ಕೈಬರಹ: ‘ಡೇವಿಡ್ ಕವಣೆಯಿಂದ, ನಾನು ಬಿಲ್ಲಿನಿಂದ — ಮೈಕೆಲಾಂಜೆಲೊ.’ ಬಿಲ್ಲು ಅಂದರೆ ಇಲ್ಲಿ ಶಿಲ್ಪಿಗಳು ತೂತು ಕೊರೆಯುವ ಬೈರಿಗೆಯನ್ನು ತಿರುಗಿಸುವ ಬಿಲ್ಲಿರಬೇಕು ಎಂದು ಬಹಳ ಮಂದಿಯ ಅಭಿಪ್ರಾಯ. ಇಪ್ಪತ್ತಾರರ ಹುಡುಗನಿಗೆ ಎದುರಿನ ಬಂಡೆಯೇ ಡೇವಿಡ್ ಎದುರಿಸಿದ ದೈತ್ಯ ಗೋಲಿಯಾತ್ ಆಗಿ ಕಂಡಿದ್ದರೆ ಆಶ್ಚರ್ಯವಿಲ್ಲ.

ಈಗ ಮೂರ್ತಿಯ ಹತ್ತಿರ ಹೋಗೋಣ. ಎತ್ತರ 5.17 ಮೀಟರ್, ತೂಕ ಐದೂವರೆ ಟನ್ನಿನ ಆಸುಪಾಸು. ಕಥೆ ನಿಮಗೆ ಗೊತ್ತು. ಕುರಿ ಕಾಯುವ ಹುಡುಗ, ರಾಜ ಕೊಟ್ಟ ಕವಚ ಬೇಡವೆಂದು ಹಳ್ಳದ ಐದು ಕಲ್ಲು ಆರಿಸಿಕೊಂಡು ದೈತ್ಯನ ಎದುರು ಹೋಗುತ್ತಾನೆ. ಇದಕ್ಕೂ ಮೊದಲಿನ ಫ್ಲಾರೆನ್ಸಿನ ಡೇವಿಡ್‌ಗಳು, ದೊನತೆಲ್ಲೊನ ಎರಡು, ವೆರೊಕ್ಕಿಯೊನ ಒಂದು, ಎಲ್ಲರೂ ಗೆದ್ದವರು. ಕಾಲಬುಡದಲ್ಲಿ ಗೋಲಿಯಾತ್‌ನ ಕಡಿದ ತಲೆ ಇರುತ್ತದೆ. ಇಲ್ಲಿ ಆ ತಲೆ ಇಲ್ಲ, ಕತ್ತಿ ಇಲ್ಲ. ಎಡಗೈ ಭುಜದ ಹತ್ತಿರ ಕವಣೆಯನ್ನು ಹಿಡಿದಿದೆ, ಕವಣೆಯ ಪಟ್ಟಿ ಬೆನ್ನ ಮೇಲೆ ಓರೆಯಾಗಿ ಇಳಿದು ಬಲಗೈಗೆ ಬರುತ್ತದೆ. ಮುಂದಿನಿಂದ ನೋಡಿದರೆ ಕವಣೆ ಕಂಡೂ ಕಾಣದ ಹಾಗಿದೆ. ಆಯುಧ ಇದೆ ಎಂಬುದೇ ಮರೆತುಹೋಗುತ್ತದೆ. ಹೆಚ್ಚಿನವರು ಇದನ್ನು ಹೊಡೆತಕ್ಕೆ ಮೊದಲಿನ ಗಳಿಗೆ ಎಂದು ಓದುತ್ತಾರೆ. ನಾನೂ ಹಾಗೆಯೇ ಓದುತ್ತೇನೆ.

ಅದಕ್ಕೆ ಸಾಕ್ಷಿ ಮುಖದಲ್ಲಿದೆ. ಒಂದೊಂದಾಗಿ ನೋಡಿ. ಹುಬ್ಬುಗಳ ನಡುವೆ ಮಾಂಸ ಗಂಟಾಗಿದೆ. ಕಣ್ಣಿನ ಪಾಪೆಗಳನ್ನು ಹೃದಯದ ಆಕಾರದಲ್ಲಿ ಆಳವಾಗಿ ಕೊರೆದಿದ್ದಾನೆ, ನೆರಳು ನಿಂತು ನೋಟ ದೂರಕ್ಕೆ ನೆಟ್ಟಂತೆ ಕಾಣಲಿ ಎಂದು. ಮೂಗಿನ ಹೊಳ್ಳೆ ಸ್ವಲ್ಪ ಅರಳಿದೆ. ಕತ್ತಿನ ಬಲಬದಿಯಲ್ಲಿ ಒಂದು ರಕ್ತನಾಳ ಉಬ್ಬಿ ಎದ್ದಿದೆ. ಆರಾಮವಾಗಿ ನಿಂತ ಆರೋಗ್ಯವಂತ ಹುಡುಗನಲ್ಲಿ ಅದು ಹಾಗೆ ಉಬ್ಬಿ ಕಾಣುವುದಿಲ್ಲ, ಉದ್ವೇಗದಲ್ಲಿ ಕಾಣುತ್ತದೆ ಎಂದು ಅಮೆರಿಕದ ಹೃದಯ ವೈದ್ಯರೊಬ್ಬರು 2019ರಲ್ಲಿ ಬರೆದರು. ಕೆಳಗಿನ ದೇಹ ಮಾತ್ರ ಒಂದು ಕಾಲಿನ ಮೇಲೆ ಭಾರ ಬಿಟ್ಟು, ಸೊಂಟ ಓರೆ ಮಾಡಿ, ಸುಮ್ಮನೆ ನಿಂತ ಹಾಗೆ ನಿಂತಿದೆ. ಸೊಂಟದಿಂದ ಕೆಳಗೆ ವಿರಾಮ, ಕತ್ತಿನಿಂದ ಮೇಲೆ ಯುದ್ಧ. ಬಲಗೈ ದೇಹಕ್ಕೆ ಹೋಲಿಸಿದರೆ ದೊಡ್ಡದು, ಹಿಂಬದಿಯ ನರಗಳು ಎದ್ದು ಕಾಣುತ್ತವೆ. ತಲೆಯೂ ಅಳತೆಗೆ ಮೀರಿದೆ. ಮೇಲೆ ನಿಲ್ಲುವ ಮೂರ್ತಿಯೆಂದು ಕೆಳಗಿನ ಕಣ್ಣಿಗೆ ಸರಿಹೋಗಲಿ ಎಂದು ಹಾಗೆ ಮಾಡಿದ ಎನ್ನುತ್ತಾರೆ. ಅದೊಂದೇ ಕಾರಣ ಇರಲಾರದು ಎಂದು ನನಗೆ ಅನ್ನಿಸುತ್ತದೆ. ಅಷ್ಟೆತ್ತರದಲ್ಲಿ ನಿಲ್ಲುವ ಮೂರ್ತಿಯ ಉಗುರಿನ ಸುತ್ತಿನ ಚರ್ಮವನ್ನು ಇಷ್ಟು ಎಚ್ಚರದಿಂದ ಯಾರು ಕೆತ್ತುತ್ತಾರೆ? ಇದನ್ನು ಮೇಲೆ ಕಳಿಸಲು ಅವನಿಗೆ ಮೊದಲಿನಿಂದಲೂ ಮನಸ್ಸಿರಲಿಲ್ಲವೇನೋ.

ಪಕ್ಕಕ್ಕೆ ಬನ್ನಿ. ಮುಂದಿನಿಂದ ಅಷ್ಟು ಭರ್ಜರಿಯಾದ ದೇಹ ಪಕ್ಕದಿಂದ ನೋಡಿದರೆ ಆಶ್ಚರ್ಯವಾಗುವಷ್ಟು ತೆಳು. ಬಂಡೆಯ ದಪ್ಪವೇ ಅಷ್ಟು. ಎಡಕ್ಕೆ ತಿರುಗಿದ ತಲೆ, ಮೈಗೆ ಹತ್ತಿರವೇ ಇರುವ ತೋಳುಗಳು, ಇವೆಲ್ಲ ಕಲ್ಲು ಕೊಟ್ಟ ಜಾಗದೊಳಗೇ ಮಾಡಿಕೊಂಡ ಹೊಂದಾಣಿಕೆ. ಅವನ ಶಿಷ್ಯ ಕೊಂದಿವಿ ಬರೆದ ಜೀವನಚರಿತ್ರೆಯಲ್ಲಿ ಒಂದು ಮಾತಿದೆ: ಬಂಡೆಯಿಂದ ಎಷ್ಟು ಕರಾರುವಾಕ್ಕಾಗಿ ಮೂರ್ತಿ ತೆಗೆದನೆಂದರೆ ನೆತ್ತಿಯ ಮೇಲೆ ಮತ್ತು ಪೀಠದಲ್ಲಿ ಕಲ್ಲಿನ ಹಳೆಯ ಸಿಪ್ಪೆ ಹಾಗೇ ಉಳಿದಿದೆ. ಒಂದು ಬೆರಳಗಲವೂ ದಂಡ ಮಾಡುವ ಸ್ಥಿತಿ ಇರಲಿಲ್ಲ. ಕಲ್ಲಿನೊಳಗೆ ಸುಮ್ಮನೆ ಕುಳಿತಿದ್ದವನನ್ನು ಹೊರಗೆ ಕರೆದ ಎನ್ನುವುದಕ್ಕಿಂತ, ಬೇರೆಯವರು ಹಾಳು ಮಾಡಿಟ್ಟ ಲೆಕ್ಕವನ್ನು ಅದೇ ಹಾಳೆಯಲ್ಲಿ ಸರಿಮಾಡಿ ತೋರಿಸಿದ ಎನ್ನುವುದು ದೊಡ್ಡ ಹೊಗಳಿಕೆ ಎಂದು ನನ್ನ ಎಣಿಕೆ.

ಸರಿ, ಈಗ ನನ್ನ ಮುಖ್ಯ ವಿಷಯ. 1504ರ ಜನವರಿ 25ರಂದು ಕಾಮಗಾರಿ ಕಚೇರಿ ಒಂದು ಸಭೆ ಕರೆಯಿತು. ಮೂರ್ತಿ ಹೆಚ್ಚುಕಡಿಮೆ ಮುಗಿದಿದೆ, ಇದನ್ನು ಎಲ್ಲಿ ನಿಲ್ಲಿಸೋಣ ಎಂಬುದೇ ವಿಷಯ. ಕರೆದವರು ಸುಮಾರು ಮೂವತ್ತು ಜನ. ಹೆಸರುಗಳನ್ನು ಕೇಳಿ: ಲಿಯೊನಾರ್ಡೊ ಡ ವಿಂಚಿ, ಬೊತ್ತಿಚೆಲ್ಲಿ, ಪೆರುಜಿನೊ, ಫಿಲಿಪ್ಪಿನೊ ಲಿಪ್ಪಿ, ಪಿಯೆರೊ ದಿ ಕೋಸಿಮೊ, ಲೊರೆಂಜೊ ದಿ ಕ್ರೆದಿ, ಆಂದ್ರೆಯಾ ದೆಲ್ಲ ರೊಬ್ಬಿಯಾ, ವಾಸ್ತುಶಿಲ್ಪಿ ಜೂಲಿಯಾನೊ ದ ಸಂಗಾಲ್ಲೊ. ಜೊತೆಗೆ ಅಕ್ಕಸಾಲಿಗರು, ಕಸೂತಿಯವರು, ಗಡಿಯಾರದವನು, ಒಬ್ಬ ಸರಕಾರಿ ವಾದ್ಯಗಾರ. ಇವತ್ತು ಜಗತ್ತಿನ ಯಾವ ಮ್ಯೂಸಿಯಂ ಕರೆದರೂ ಇಂಥ ಸಮಿತಿ ಕೂಡುವುದಿಲ್ಲ. ಸಭೆಯ ನಡಾವಳಿ ಉಳಿದಿದೆ. ಯಾರು ಏನು ಹೇಳಿದರು ಎಂಬುದು ಬರಹದಲ್ಲಿದೆ.

ಅದನ್ನು ಹೇಳುವ ಮೊದಲು ಊರಿನ ಪರಿಸ್ಥಿತಿ ಎರಡು ಮಾತಿನಲ್ಲಿ. 1494ರಲ್ಲಿ ಫ್ಲಾರೆನ್ಸಿನವರು ಊರನ್ನು ಹಿಡಿತದಲ್ಲಿಟ್ಟುಕೊಂಡಿದ್ದ ಮೆಡಿಚಿ ಮನೆತನವನ್ನು ಊರಿನಿಂದ ಓಡಿಸಿ ಗಣರಾಜ್ಯ ಕಟ್ಟಿಕೊಂಡಿದ್ದರು. ಅದೇ ಹೊತ್ತಿಗೆ ಅವರ ಕೈಕೆಳಗಿದ್ದ ಪೀಸಾ ನಗರ ಕೈತಪ್ಪಿತು. ಊರನ್ನು ತನ್ನ ಪ್ರವಚನದ ಬಲದಿಂದ ಆಳಿದ ಸನ್ಯಾಸಿ ಸವೊನರೋಲನನ್ನು 1498ರಲ್ಲಿ ಅರಮನೆಯ ಮುಂದಿನ ಚೌಕದಲ್ಲೇ ಗಲ್ಲಿಗೇರಿಸಿ ಸುಟ್ಟರು. ಹೊರಗೆ ಮೆಡಿಚಿಗಳು ವಾಪಸು ಬರಲು ಹೊಂಚು ಹಾಕುತ್ತಿದ್ದರು. ಓಡಿಸಿದ ಹೊಸತರಲ್ಲಿ ಅವರ ಮನೆಯಿಂದ ವಶಪಡಿಸಿಕೊಂಡ ದೊನತೆಲ್ಲೊನ ಕಂಚಿನ ‘ಜುಡಿತ್’ ಮೂರ್ತಿಯನ್ನು ಅರಮನೆಯ ಬಾಗಿಲಿನ ಬಳಿಯ ಜಗಲಿಯ ಮೇಲೆ ತಂದು ನಿಲ್ಲಿಸಿದ್ದರು. ಶತ್ರುಸೇನಾಪತಿಯ ತಲೆ ಕಡಿಯುವ ವಿಧವೆ ಜುಡಿತ್. ಕೆಳಗೆ, ಸಾರ್ವಜನಿಕ ಕ್ಷೇಮಕ್ಕೆ ಉದಾಹರಣೆಯಾಗಿ ಪ್ರಜೆಗಳು ಇಟ್ಟದ್ದು ಎಂದು ಬರೆಸಿದರು. ಮೂರ್ತಿಯ ಜಾಗ ಬದಲಿಸಿ ಅದರ ಮಾತು ಬದಲಿಸುವುದರಲ್ಲಿ ಈ ಊರು ಪಳಗಿತ್ತು.

ಸಭೆಯಲ್ಲಿ ಮೊದಲು ಮಾತಾಡಿದವನು ಕಲಾವಿದನಲ್ಲ, ಸರಕಾರದ ಸಮಾರಂಭಗಳನ್ನು ನೋಡಿಕೊಳ್ಳುವ ಅಧಿಕಾರಿ. ಅವನ ಅಭಿಪ್ರಾಯ ಖಡಕ್ಕಾಗಿತ್ತು: ಜುಡಿತ್ ಇರುವ ಜಾಗದಲ್ಲೇ ಇದನ್ನು ನಿಲ್ಲಿಸಿ, ಇಲ್ಲವೇ ಅರಮನೆಯ ಅಂಗಳದಲ್ಲಿ. ಜುಡಿತ್ ಸಾವಿನ ಸಂಕೇತ, ಹೆಂಗಸು ಗಂಡಸನ್ನು ಕೊಲ್ಲುವುದು ಶೋಭೆಯಲ್ಲ, ಮೇಲಾಗಿ ಕೆಟ್ಟ ನಕ್ಷತ್ರದಲ್ಲಿ ಪ್ರತಿಷ್ಠೆಯಾಗಿದೆ, ಅದು ಬಂದ ಮೇಲೆ ನಮಗೆ ಒಳ್ಳೆಯದೇ ಆಗಿಲ್ಲ, ಪೀಸಾ ಹೋಯಿತು. ನಗಬೇಡಿ. ಮುಹೂರ್ತ ಕೆಟ್ಟದ್ದಕ್ಕೆ ಯುದ್ಧ ಸೋತೆವು ಎನ್ನುವ ವಾದ ರಿನೈಸಾನ್ಸ್ ಎನ್ನುವ ಬೆಳಕಿನ ಯುಗದ ನಟ್ಟನಡುವೆ, ಲಿಯೊನಾರ್ಡೊನನ್ನೂ ಕರೆದಿದ್ದ ಸಭೆಯಲ್ಲಿ, ಗಂಭೀರವಾಗಿ ದಾಖಲಾಗಿದೆ.

ಕೋಸಿಮೊ ರೊಸ್ಸೆಲ್ಲಿ ಮತ್ತು ಬೊತ್ತಿಚೆಲ್ಲಿ ಚರ್ಚಿನ ಮೆಟ್ಟಿಲ ಬಳಿ ಇಡಿ ಎಂದರು. ಚರ್ಚಿಗೆಂದು ಮಾಡಿದ್ದಲ್ಲವೇ, ನ್ಯಾಯವಾದ ಮಾತು. ಆಮೇಲೆ ಜೂಲಿಯಾನೊ ದ ಸಂಗಾಲ್ಲೊ ಎದ್ದ. ಕಟ್ಟಡ ಬಲ್ಲವನು, ಕಲ್ಲು ಬಲ್ಲವನು. ನನಗೂ ಚರ್ಚಿನ ಮೂಲೆಯೇ ಮನಸ್ಸಿನಲ್ಲಿತ್ತು, ಆದರೆ ಈ ಕಲ್ಲು ಮೃದು, ಬಯಲಲ್ಲಿ ಬಿದ್ದು ಬೆಂದುಹೋಗಿದೆ, ಮತ್ತೆ ಮಳೆಗಾಳಿಗೆ ಒಡ್ಡಿದರೆ ಬಾಳಿಕೆ ಬಾರದು, ಚೌಕದ ಪಕ್ಕದ ಕಮಾನು ಮಂಟಪದ ಸೂರಿನ ಕೆಳಗೆ ಇಡಿ ಎಂದ. ಆ ಮಂಟಪ ಇವತ್ತೂ ಇದೆ, ಲೊಜ್ಜಿಯಾ ಎನ್ನುತ್ತಾರೆ. ತುಂಬ ಮಂದಿ ಇವನ ಕಡೆ ವಾಲಿದರು. ಲಿಯೊನಾರ್ಡೊ ಕೂಡ. ಅವನು ಸೇರಿಸಿದ್ದು ಇಷ್ಟು: ಮಂಟಪದೊಳಗೆ ಗೋಡೆಯ ಪಕ್ಕ ಇಡಿ, ಸಭ್ಯವಾದ ಅಲಂಕಾರದೊಂದಿಗೆ ಇಡಿ, ಸರಕಾರಿ ಸಮಾರಂಭಗಳಿಗೆ ಅಡ್ಡಿಯಾಗದ ಹಾಗೆ ಇಡಿ. ಇದರಲ್ಲಿ ಹೊಟ್ಟೆಕಿಚ್ಚು ಹುಡುಕುವವರಿದ್ದಾರೆ. ಅವನಿಗೂ ಮೈಕೆಲಾಂಜೆಲೊಗೂ ಪರಸ್ಪರ ಆಗಿಬರುತ್ತಿರಲಿಲ್ಲ ಎಂಬುದೇನೋ ಸರಿ. ಆದರೆ ಸಂಗಾಲ್ಲೊ ಮೈಕೆಲಾಂಜೆಲೊನ ಸ್ನೇಹಿತ, ಅವನೇ ಮೊದಲು ಹೇಳಿದ ಮಾತಿಗೆ ಇವನು ದನಿಗೂಡಿಸಿದ್ದು. ಕಲ್ಲಿನ ಆರೋಗ್ಯದ ದೃಷ್ಟಿಯಿಂದ ಆ ಸಭೆಯಲ್ಲಿ ಅತ್ಯಂತ ವಿವೇಕದ ಸಲಹೆ ಅದೇ ಆಗಿತ್ತು. ಮುಂದಿನ ಮುನ್ನೂರೈವತ್ತು ವರ್ಷ ಅದನ್ನು ಸಾಬೀತು ಮಾಡಿದವು.

ಇನ್ನು ಆ ವಾದ್ಯಗಾರ. ಹೆಸರು ಜೊವಾನ್ನಿ, ಮುಂದೆ ಹೆಸರಾಂತ ಶಿಲ್ಪಿಯಾದ ಚೆಲ್ಲೀನಿಯ ತಂದೆ. ಅರಮನೆಯ ಅಂಗಳದಲ್ಲಿಟ್ಟರೆ ಒಳ್ಳೆಯದು, ಹೊರಗಿಟ್ಟರೆ ಯಾವನಾದರೂ ದುಷ್ಟ ಬಂದು ಸಲಾಕೆಯಿಂದ ಹೊಡೆದಾನು ಎಂದ. ದೊಡ್ಡ ದೊಡ್ಡ ಕಲಾವಿದರ ನಡುವೆ ಭವಿಷ್ಯವನ್ನು ಸರಿಯಾಗಿ ಕಂಡವನು ಪೀಪಿ ಊದುವವನೊಬ್ಬನೇ. ಫಿಲಿಪ್ಪಿನೊ ಲಿಪ್ಪಿ ಹೇಳಿದ್ದು ಎಲ್ಲಕ್ಕಿಂತ ಸರಳ: ಎಲ್ಲರೂ ಚೆನ್ನಾಗಿಯೇ ಹೇಳಿದ್ದೀರಿ, ಆದರೆ ಕೆತ್ತಿದವನು ಇದರ ಬಗ್ಗೆ ನಮಗಿಂತ ಹೆಚ್ಚು ಹೊತ್ತು ಯೋಚಿಸಿರುತ್ತಾನೆ, ಅವನನ್ನೇ ಕೇಳಿ.

ನಡಾವಳಿಯಲ್ಲಿ ತೀರ್ಮಾನ ಇಲ್ಲ. ಕೊನೆಗೆ ಸರಕಾರ ಆ ಸಮಾರಂಭದ ಅಧಿಕಾರಿಯ ಮಾತನ್ನೇ ಹಿಡಿಯಿತು. ಜುಡಿತ್‌ಳನ್ನು ಎಬ್ಬಿಸಿ ಅರಮನೆಯ ಬಾಗಿಲಲ್ಲಿ ಡೇವಿಡ್‌ನನ್ನು ನಿಲ್ಲಿಸುವುದೆಂದಾಯಿತು. ಲೊಜ್ಜಿಯಾದೊಳಗೆ ಗೋಡೆಗೆ ಒರಗಿಸಿ ಇಟ್ಟಿದ್ದರೆ ಅದು ಒಂದು ಅದ್ಭುತ ಕಲಾಕೃತಿ ಅಷ್ಟೇ ಆಗಿರುತ್ತಿತ್ತು. ಚರ್ಚಿನ ಬಳಿ ನಿಂತಿದ್ದರೆ ಪ್ರವಾದಿ ಆಗಿರುತ್ತಿತ್ತು. ಸರಕಾರದ ಬಾಗಿಲಲ್ಲಿ ನಿಂತದ್ದರಿಂದ ಕಾವಲುಗಾರನಾಯಿತು. ಅಂದಹಾಗೆ, ಡೇವಿಡ್ ರೋಮಿನ ಕಡೆ, ಅಲ್ಲಿದ್ದ ಮೆಡಿಚಿಗಳ ಕಡೆ ದುರುಗುಟ್ಟಿ ನೋಡುತ್ತಾನೆ ಎಂದು ಗೈಡುಗಳು ಹೇಳುತ್ತಾರೆ. ಕತ್ತು ತಿರುಗಿಸಿ ಕೆತ್ತಿದಾಗ ಮೂರ್ತಿ ಯಾವ ದಿಕ್ಕಿಗೆ ನಿಲ್ಲುತ್ತದೆ ಎಂದು ಕೆತ್ತುವವನಿಗೇ ಗೊತ್ತಿರಲಿಲ್ಲ. ಆದರೂ ಆ ಮಾತು ಹುಟ್ಟಿತಲ್ಲ, ಜಾಗದ ಮಹಿಮೆ ಎಂದರೆ ಅದೇ.

ಮೂರ್ತಿ ಸಾಗಿದ ಕಥೆ ಲೂಕಾ ಲಾಂದುಚ್ಚಿ ಎಂಬ ಔಷಧ ಅಂಗಡಿಯವನ ದಿನಚರಿಯಲ್ಲಿದೆ. 1504ರ ಮೇ 14ರ ಸಂಜೆ ದೈತ್ಯ ಅಂಗಳದಿಂದ ಹೊರಟ. ಬಾಗಿಲಿಗಿಂತ ಎತ್ತರ, ಮೇಲಿನ ಗೋಡೆ ಒಡೆಯಬೇಕಾಯಿತು. ಮರದ ಚೌಕಟ್ಟಿನೊಳಗೆ ನೆಟ್ಟಗೆ ನಿಲ್ಲಿಸಿ, ಕಾಲು ನೆಲಕ್ಕೆ ತಾಗದಂತೆ ತೂಗುಹಾಕಿದ್ದರು. ಹಳ್ಳದಿಣ್ಣೆಯಲ್ಲಿ ಚೌಕಟ್ಟು ಕುಲುಕಿದರೂ ಮೂರ್ತಿ ತೂಗಾಡುತ್ತದೆಯೇ ಹೊರತು ಒಡೆಯುವುದಿಲ್ಲ. ಅಡಿಯಲ್ಲಿ ಜಿಡ್ಡು ಸವರಿದ ಹದಿನಾಲ್ಕು ತೊಲೆಗಳು. ಹಿಂದೆ ಬಿಟ್ಟ ತೊಲೆಯನ್ನು ಕೈಯಿಂದ ಕೈಗೆ ದಾಟಿಸಿ ಮುಂದೆ ಹಾಕುತ್ತ, ನಲವತ್ತಕ್ಕೂ ಹೆಚ್ಚು ಆಳುಗಳು ನಾಲ್ಕು ದಿನ ಎಳೆದರು. ಅರ್ಧ ಕಿಲೋಮೀಟರಿಗಿಂತ ಸ್ವಲ್ಪ ಹೆಚ್ಚಿನ ದಾರಿ ಅದು. ಮೊದಲ ರಾತ್ರಿಯೇ ಯಾರೋ ಮೂರ್ತಿಗೆ ಕಲ್ಲು ಹೊಡೆದರು, ಕಾವಲು ಹಾಕಬೇಕಾಯಿತು ಎಂದೂ ಲಾಂದುಚ್ಚಿ ಬರೆದಿದ್ದಾನೆ. ಮೆಡಿಚಿ ಪಕ್ಷದ ಮನೆಗಳ ಹುಡುಗರಿರಬೇಕು ಎಂದು ಇತಿಹಾಸಕಾರರು ಹೇಳುತ್ತಾರೆ. ಹಾಗಿದ್ದರೆ, ಜಗಲಿ ಏರುವ ಮೊದಲೇ ಮೂರ್ತಿಯ ರಾಜಕೀಯ ಅರ್ಥ ಎದುರಾಳಿಗಳಿಗೆ ಗೊತ್ತಾಗಿತ್ತು.

ಜೂನ್ 8ರಂದು ಜಗಲಿಯ ಮೇಲೆ ನಿಲ್ಲಿಸಿದರು, ಸೆಪ್ಟೆಂಬರಿನಲ್ಲಿ ಎಲ್ಲ ಮುಗಿದು ಅನಾವರಣವಾಯಿತು. ಆ ದಿನ ಜನ ನೋಡಿದ ಡೇವಿಡ್ ನಾವು ನೋಡುವಂಥ ಬರೀ ಬಿಳಿ ಡೇವಿಡ್ ಅಲ್ಲ. ಹಿಂದಿನ ಮರದ ಬೊಡ್ಡೆಗೂ ಕವಣೆಗೂ ಚಿನ್ನ ಲೇಪಿಸಿತ್ತು. ಸೊಂಟದ ಸುತ್ತ ಲೋಹದ ಎಲೆಗಳ ಮಾಲೆ ತೊಡಿಸಿದ್ದರು. ಬೆತ್ತಲೆಯನ್ನು ಮುಚ್ಚುವ ಈ ಗಡಿಬಿಡಿ ಮುಂದೆಯೂ ನಿಲ್ಲಲಿಲ್ಲ. 1857ರಲ್ಲಿ ಟಸ್ಕನಿಯ ದೊರೆ ಪ್ಲಾಸ್ಟರಿನ ಪ್ರತಿಯೊಂದನ್ನು ವಿಕ್ಟೋರಿಯಾ ರಾಣಿಗೆ ಕಳಿಸಿದಾಗ, ಲಂಡನ್ನಿನ ಮ್ಯೂಸಿಯಂ ಅರ್ಧ ಮೀಟರಿನ ಒಂದು ಅಂಜೂರದ ಎಲೆ ಮಾಡಿಸಿಟ್ಟುಕೊಂಡಿತು. ರಾಜಮನೆತನದ ಹೆಂಗಸರು ಬರುವಾಗ ಕೊಕ್ಕೆಗೆ ಸಿಕ್ಕಿಸುವುದು, ಹೋದ ಮೇಲೆ ತೆಗೆಯುವುದು. ಆ ಎಲೆ ಇವತ್ತು ಮೂರ್ತಿಯ ಹಿಂದೆ ಒಂದು ಗಾಜಿನ ಪೆಟ್ಟಿಗೆಯಲ್ಲಿದೆ.

ಮೂಗಿನ ಕಥೆಯೊಂದನ್ನು ಕಲಾವಿದರ ಜೀವನಚರಿತ್ರೆಗಳನ್ನು ಬರೆದ ವಸಾರಿ ಹೇಳುತ್ತಾನೆ. ಗಣರಾಜ್ಯದ ಮುಖ್ಯಸ್ಥ ಸೊದೆರಿನಿ ಮೂಗು ದಪ್ಪವಾಯಿತು ಎಂದನಂತೆ. ಮೈಕೆಲಾಂಜೆಲೊ ಒಂದು ಹಿಡಿ ಕಲ್ಲುಪುಡಿ ತೆಗೆದುಕೊಂಡು ಅಟ್ಟಣಿಗೆ ಹತ್ತಿ, ಕೆತ್ತಿದ ಹಾಗೆ ನಟಿಸಿ ಪುಡಿ ಉದುರಿಸಿದನಂತೆ. ಈಗ ಜೀವ ಬಂತು ಎಂದನಂತೆ ದೊಡ್ಡ ಮನುಷ್ಯ. ವಸಾರಿ ಕಥೆಗಾರ, ಸತ್ಯಕ್ಕೆ ಉಪ್ಪುಕಾರ ಹಾಕುವವನು. ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು.

ಆದರೆ ಅವನೇ ಕಣ್ಣಾರೆ ಕಂಡ ಇನ್ನೊಂದು ಘಟನೆಯನ್ನು ನಂಬಬಹುದು. 1512ರಲ್ಲಿ ಮೆಡಿಚಿಗಳು ವಾಪಸು ಬಂದಿದ್ದರು. 1527ರ ಏಪ್ರಿಲ್‌ನಲ್ಲಿ ಅವರ ವಿರುದ್ಧ ದಂಗೆ ಎದ್ದಾಗ ಗಣರಾಜ್ಯವಾದಿಗಳು ಅರಮನೆ ಹೊಕ್ಕು ಬಾಗಿಲು ಹಾಕಿಕೊಂಡರು. ಹೊರಗಿನವರ ಮೇಲೆ ಕಿಟಕಿಯಿಂದ ಎಸೆದ ಒಂದು ಬೆಂಚು ಡೇವಿಡ್‌ನ ಎಡತೋಳಿಗೆ ಬಿತ್ತು. ತೋಳು ಮೂರು ತುಂಡಾಯಿತು. ಗಣರಾಜ್ಯದ ಕಾವಲುಗಾರನ ಕೈ ಮುರಿದದ್ದು ಗಣರಾಜ್ಯದವರದೇ ಬೆಂಚು. ಆ ತುಂಡುಗಳು ಅಲ್ಲೇ ಬಿದ್ದಿದ್ದವು. ಹದಿನೈದರ ವಸಾರಿ ಮತ್ತು ಅವನ ಗೆಳೆಯ ಸಾಲ್ವಿಯಾತಿ ಸೈನಿಕರ ನಡುವೆ ನುಸುಳಿ ಅವನ್ನು ಆಯ್ದುಕೊಂಡು ಮನೆಗೆ ಒಯ್ದರು. 1543ರಲ್ಲಿ ತೋಳನ್ನು ಮತ್ತೆ ಜೋಡಿಸಿದವನು ಕೋಸಿಮೊ ದೊರೆ. ಅವನೂ ಮೆಡಿಚಿಯೇ. ಅಷ್ಟರಲ್ಲಿ ಬಾಗಿಲಿನ ಇನ್ನೊಂದು ಬದಿಗೆ, 1534ರಲ್ಲಿ, ಬಂದಿನೆಲ್ಲಿ ಕೆತ್ತಿದ ದಪ್ಪ ಮೈಯ ಹರ್ಕ್ಯುಲಿಸ್‌ನನ್ನು ಮೆಡಿಚಿಗಳು ನಿಲ್ಲಿಸಿಯಾಗಿತ್ತು. ಆ ಬಂಡೆ ಮೊದಲು ಮೈಕೆಲಾಂಜೆಲೊಗೆಂದು ಗೊತ್ತಾಗಿದ್ದದ್ದು. ಗಣರಾಜ್ಯದ ಬಾಗಿಲನ್ನು ಕೆಡವುವುದಕ್ಕಿಂತ ಅದರ ಪಕ್ಕದಲ್ಲಿ ತಮ್ಮ ಆಳನ್ನು ನಿಲ್ಲಿಸುವುದು ಜಾಣತನ ಎಂದು ಅವರಿಗೆ ಗೊತ್ತಿತ್ತು.

ಆ ಮೇಲಿನದ್ದನ್ನು ಬೇಗ ಹೇಳಿಬಿಡುತ್ತೇನೆ. ಮಳೆ ಬಿಸಿಲು ಸ್ವಲ್ಪ ತಿಂದಿತು. ಮಿಕ್ಕದ್ದನ್ನು ಶುಚಿ ಮಾಡಲು ಹೋದವರು ತಿಂದರು, 1843ರಲ್ಲಿ ಹೈಡ್ರೋಕ್ಲೋರಿಕ್ ಆಸಿಡ್ ಹಾಕಿ ತೊಳೆದಾಗ ಮೈಕೆಲಾಂಜೆಲೊ ಕೊಟ್ಟ ನಯವಾದ ಮೇಲ್ಮೈಯೂ ಕರಗಿಹೋಯಿತು. ಕಾಲುಗಳಲ್ಲಿ ಬಿರುಕು ಕಂಡಿತು. 1873ರ ಬೇಸಿಗೆಯಲ್ಲಿ ಹಳಿ ಹಾಕಿ ಗಾಡಿಯಲ್ಲಿ ಅಕಾದೆಮಿಯಾ ಗ್ಯಾಲರಿಗೆ ಸಾಗಿಸಿದರು. ಅಲ್ಲಿ ಅದಕ್ಕೆಂದೇ ಕಟ್ಟಿದ ಕೋಣೆ ತೆರೆಯುವುದು 1882ರವರೆಗೆ ತಡವಾಯಿತು. ಸಂಗಾಲ್ಲೊ ಕೇಳಿದ್ದ ಸೂರು ಕೊನೆಗೂ ಸಿಕ್ಕಿತು. ಚೌಕದಲ್ಲಿ 1910ರಿಂದ ನಿಂತಿರುವುದು ನಕಲು. 1991ರಲ್ಲಿ ಒಬ್ಬ ಗ್ಯಾಲರಿಯೊಳಗೇ ಸುತ್ತಿಗೆ ತಂದು ಎಡಗಾಲಿನ ಬೆರಳು ಒಡೆದ. ಪೀಪಿ ಊದುವ ಜೊವಾನ್ನಿಯ ಮಾತು ನೆನಪಾಗುತ್ತದೆ. ಕಣಕಾಲಿನ ಬಿರುಕುಗಳ ಬಗ್ಗೆ 2014ರಲ್ಲಿ ಇಟಲಿಯ ವಿಜ್ಞಾನಿಗಳು ಹತ್ತು ಸೆಂಟಿಮೀಟರಿನ ಪ್ಲಾಸ್ಟರ್ ಡೇವಿಡ್‌ಗಳನ್ನು ಯಂತ್ರದಲ್ಲಿ ಗರಗರ ತಿರುಗಿಸಿ ಪರೀಕ್ಷೆ ಮಾಡಿದರು. ಹಳೆಯ ಜಾಗದಲ್ಲಿ ಮೂರ್ತಿ ಸ್ವಲ್ಪ ಮುಂದಕ್ಕೆ ವಾಲಿದ್ದೇ ಬಿರುಕಿಗೆ ಕಾರಣ ಎಂಬುದು ಅವರ ಊಹೆ.

ಈಗ ಇದು ಯಾರದ್ದು ಎಂದು ನೀವು ಕೇಳಬಹುದು. ಅದೂ ಜಗಳವೇ. 2010ರಲ್ಲಿ ಇಟಲಿ ಸರಕಾರದ ವಕೀಲರು ಡೇವಿಡ್ ರಾಷ್ಟ್ರದ ಆಸ್ತಿ ಎಂದರು. ಫ್ಲಾರೆನ್ಸ್ ನಗರಸಭೆ ಹಳೆಯ ಗಣರಾಜ್ಯದ ವಾರಸುದಾರರು ನಾವು, ಮೂರ್ತಿ ನಮ್ಮದು ಎಂದಿತು. ಟಿಕೆಟ್ ದುಡ್ಡಿನ ಲೆಕ್ಕವೂ ಇದರೊಳಗಿತ್ತು ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ.

ನಿಮ್ಮಲ್ಲಿ ಯಾರಾದರೂ ಫ್ಲಾರೆನ್ಸಿಗೆ ಹೋಗುವವರಿದ್ದರೆ ಒಂದು ಸಲಹೆ. ನೇರವಾಗಿ ಅಕಾದೆಮಿಯಾಗೆ ಹೋಗಬೇಡಿ. ಮೊದಲು ಚೌಕಕ್ಕೆ ಹೋಗಿ, ನಕಲಿನ ಎದುರು ನಿಲ್ಲಿ, ಬಲಕ್ಕೆ ಲೊಜ್ಜಿಯಾ ಎಷ್ಟು ದೂರ ಎಂದು ಕಣ್ಣಳತೆ ಮಾಡಿ. ಅರಮನೆಯೊಳಗೆ ಹತ್ತಿ ಹೋದರೆ ಮಳೆಗೆ ಹೆದರಿ ಒಳಗೆ ತಂದಿಟ್ಟ ಮೂಲ ಜುಡಿತ್ ಸಿಗುತ್ತಾಳೆ. ಅಲ್ಲಿಂದ ಐದು ನಿಮಿಷ ನಡೆದರೆ ಬಾರ್ಜೆಲ್ಲೊ ಮ್ಯೂಸಿಯಂ, ದೊನತೆಲ್ಲೊನ ಎರಡು ಡೇವಿಡ್ ಮತ್ತು ವೆರೊಕ್ಕಿಯೊನ ಡೇವಿಡ್ ಮೂವರೂ ಅಲ್ಲೇ ಇದ್ದಾರೆ. ಅವರನ್ನು ನೋಡಿಕೊಂಡು ಅಕಾದೆಮಿಯಾಗೆ ಹೋಗಿ. ಮುಂದೆ ಜನಜಂಗುಳಿ, ಎಲ್ಲರ ಕೈಯಲ್ಲೂ ಫೋನು. ಹಿಂದಕ್ಕೆ ಹೋಗಿ, ಬೆನ್ನ ಮೇಲೆ ಇಳಿದ ಕವಣೆಯ ಪಟ್ಟಿ ನೋಡಿ. ಆ ಬದಿಯಲ್ಲಿ ಜನ ಕಡಿಮೆ ಇರುತ್ತಾರೆ.